ಒಳ ಹೊಲಿಗೆ

ಮೊದಲ ಸಲ ಅರ್ಧ ಇಂಚು.
ಕೌಲ್‌ಬಜಾರಿನ ನಮ್ಮ ಯೂನಿಟ್ಟಿನಲ್ಲಿ, ಊಟದ ಬಿಡುವಿಗೆ,
ಆತನ ಪ್ಯಾಂಟಿನ ಸೊಂಟ ಹಿಂದಿನಿಂದ ಬಿಚ್ಚಿ
ಒಳಗೆ ಮಡಚಿ ಮತ್ತೆ ಕೂಡಿಸಿದೆ.
ಬಟ್ಟೆ ಹಿಗ್ಗೈತೆ ಅಂದ. ಹ್ಞೂಂ ಅಂದೆ.
ಜೀನ್ಸು ಹಿಗ್ಗುತ್ತೆ, ಅದೇನು ಹೊಸದಲ್ಲ.

ಎರಡನೇ ಸಲ ಒಂದು ಇಂಚು.
ರೋಜಾಕ್ಕೆ ಇಳಿದದ್ದು ಹಬ್ಬಕ್ಕೆ ಏರುತ್ತೆ ಅಂದುಕೊಂಡೆವು.
ಸುರಕುಂಬಾ ಎರಡು ಚಮಚ ಕುಡಿದು
ಬಟ್ಟಲು ಮಗನ ಕಡೆ ಸರಿಸಿದ.

ಮೌಲಾಸಾಬ್, ಕಟಿಂಗ್ ಮಾಸ್ಟರು.
ಎಂಬತ್ತು ಪದರ ಬಟ್ಟೆ ಹಾಸಿ ಮಿಷನ್ನು ಬಿಟ್ಟನೆಂದರೆ
ಎಂಬತ್ತು ಕಾಲು ಒಂದೇ ಅಳತೆ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಊರ ಗಂಡಸರ ಸೊಂಟವೆಲ್ಲ ಆತನ ಸೀಮೆಸುಣ್ಣದ ತುದಿಯಲ್ಲಿ.
ತನ್ನದು ಮೂವತ್ತಾರರಿಂದ ಜಾರುತ್ತಿದ್ದದ್ದು ಮಾತ್ರ
ಎಲ್ಲೂ ಬರೆದಿಡಲಿಲ್ಲ.

ಏನ್ ಮಾಸ್ಟರೇ, ಹುಡುಗ ಆಗೀರಲ್ಲ,
ಬೆಳಗಿನ ಜಾವ ಕೋಟೆಗುಡ್ಡ ಹತ್ತುತೀರೇನು?
ಆತ ನಕ್ಕ. ನಗುವಾಗ ಕತ್ತಿನ ನರ ಎರಡು
ಹಗ್ಗದ ಹಾಗೆ ಎದ್ದವು.

ರಾತ್ರಿ ನನಗೆ ಕೇಳಿದ್ದು ಬೇರೆ.
ಬಾಬಿನ್ನಿನಲ್ಲಿ ದಾರ ಸಿಕ್ಕಿದರೆ ಮಿಷನ್ನು
ಒಂದೇ ಕಡೆ ಕುಟ್ಟುತ್ತದಲ್ಲ,
ಹಾಗೆ, ಆತನ ಹೊಟ್ಟೆಯೊಳಗೆ.
ಎದ್ದು ಕೂತು ಅಂಗೈಯಿಂದ ಒತ್ತಿಕೊಳ್ಳುವನು.
ಸಂಜೆಯ ಜ್ವರ ಬೆಳಗಾಗುವಷ್ಟರಲ್ಲಿ ಬೆವರಾಗಿ
ದಿಂಬಿನ ತುಂಬ ಒದ್ದೆ.

ಅತ್ತೆ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು.
ಘಾಟು ಬಂತು. ಹಂಗಾದ್ರೆ ದೃಷ್ಟಿಯಲ್ಲ.
ಮತ್ತೇನು ಅಂತ ಯಾರೂ ಕೇಳಲಿಲ್ಲ,
ಎಲ್ಲರೂ ಕೆಮ್ಮುತ್ತಿದ್ದೆವು.
ಗ್ಯಾಸಿನ ಗುಳಿಗೆ, ಅಜವಾನದ ನೀರು,
ಗುಗ್ಗರಹಟ್ಟಿಯ ಯಾರೋ ಕೊಟ್ಟ ಬೇರು.
ಬುತ್ತಿಯ ರೊಟ್ಟಿ ಹಿತ್ತಲ ನಾಯಿಗೆ ಹಾಕುತ್ತಿದ್ದನಂತೆ.
ಆ ನಾಯಿ ದುಂಡಗಾದದ್ದನ್ನು ನಾನೇ ಕಂಡು
ಎಷ್ಟು ಚೆಂದ ಆಗೈತೆ ಅಂದಿದ್ದೆ.

ಮೂರನೇ ಸಲ. ನಾಲ್ಕನೇ ಸಲ.
ಐದನೆಯದಕ್ಕೆ ಹಿಂದಿನ ಜೇಬು ಎರಡೂ
ಒಂದಕ್ಕೊಂದು ಮುಟ್ಟಿದವು.
ಆಗಲೂ ಯೋಚಿಸಿದ್ದು, ಜೇಬು ಬಿಚ್ಚಿ ಸರಿಸುವುದು ಹೇಗೆ ಅಂತ.
ನನ್ನ ಕೈ ಅಷ್ಟು ಚಲೋ.
ಯಾರ ಕಣ್ಣಿಗೂ ಬೀಳದ ಹಾಗೆ ಒಬ್ಬ ಗಂಡಸನ್ನು
ಏಳು ತಿಂಗಳು
ಒಳಗೊಳಗೆ ಮಡಚಿದ್ದೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಇನ್ನೂ ಹುಡುಗಿ,
ತೂಕದ ಮುಳ್ಳು ನೋಡಿ ಕೇಳಿದಳು:
ನೀವೇ ಇಳಿಸಿದ್ದೋ, ತಾನೇ ಇಳಿದದ್ದೋ?
ಆತ ನನ್ನ ಮುಖ ನೋಡಿದ.
ಚೀಲದಿಂದ ಪ್ಯಾಂಟು ತೆಗೆದು, ತಿರುವಿ,
ಹೊಲಿಗೆ ಎಣಿಸಿ ತೋರಿಸಿದೆ.
ಬರೆದುಕೊಂಡಳು.

ದೀಪ ಕಟ್ಟಿದ ಕೊಳವೆ ಒಳಗೆ ಹೋಗಿ ಬಂತು.
ಸಣ್ಣಕರುಳು ದೊಡ್ಡಕರುಳಿಗೆ ಕೂಡುವ ಜಾಗ
ಹುಣ್ಣಾಗಿ, ದಪ್ಪಗಟ್ಟಿ, ದಾರಿ ಕಿರಿದಾಗಿತ್ತು.
ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕಾಯಿಸಿ,
ಟೀಬಿ ಅಂದಳು. ಕರುಳಿನದು.
ಕೆಮ್ಮೇ ಇಲ್ಲವಲ್ಲ ಅಂತ ಅತ್ತೆ ವಾದಕ್ಕೆ ನಿಂತರು.

ಗುಳಿಗೆ ಶುರುವಾದ ಮರುದಿನ ಬಚ್ಚಲಿನಿಂದ ಕೂಗಿದ,
ಉಚ್ಚೆ ಕಿತ್ತಳೆ ಬಣ್ಣ!
ನಮ್ಮ ಓಣಿಯ ಮೋರಿ ಹರಿಯುವುದೇ ನೀಲಿ,
ಜೀನ್ಸು ತೊಳೆದ ನೀರು.
ಹೆದರಬ್ಯಾಡ್ರಿ, ಗುಳಿಗೆಯ ಬಣ್ಣ, ಅಂದಿದ್ದಳು. ಹೆದರಿದೆವು.
ಆಮೇಲೆ ಆ ಬಣ್ಣ ಕಾಣದ ದಿನ
ಗುಳಿಗೆ ಮರೆತನೇನೋ ಅಂತ ಹೆದರಿದೆವು.

ಎರಡನೇ ತಿಂಗಳು ನಾನೂರು ಗ್ರಾಂ ಏರಿತ್ತು.
ಆ ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ.
ಮುಕ್ಕಾಲು ತಿಂದು ತಟ್ಟೆ ಸರಿಸಿದ,
ಆಮೇಲೆ ಏನು ನೆನಪಾಯಿತೋ, ಮತ್ತೆ ಎಳೆದುಕೊಂಡ.
ಯಾರೂ ಏನೂ ಅನ್ನಲಿಲ್ಲ.

ನಿನ್ನೆ ಐದನೇ ಹೊಲಿಗೆ ಬಿಚ್ಚಿದೆ.
ಮೇಲೆಲ್ಲ ಬಿಸಿಲಿಗೆ ಬಿಳಿಚಿದ ಬಟ್ಟೆ,
ಮಡಿಕೆಯ ಒಳಗೆ ಮಾತ್ರ ಬೆರಳಗಲ,
ಅಂಗಡಿಯಿಂದ ತಂದ ದಿನದ ನೀಲಿ.
ಸೂಜಿ ತೂತುಗಳು ಸಾಲಾಗಿ ಹಾಗೇ ಇವೆ.
ಇನ್ನೂ ನಾಲ್ಕು ಉಳಿದಾವೆ.
ಬ್ಲೇಡು ಕೆಳಗಿಟ್ಟೆ, ಬರುವ ತಿಂಗಳು
ತೂಕ ನೋಡಿ.