ಕಣಕುಂಬಿ ದಾಟಿದ ಮ್ಯಾಲ

ನಾಕಾದಾಗ ಗಾರ್ಡ್ ರಿಜಿಸ್ಟರ್ ಮುಂದ ಸರಿಸಿದ.
ಹೆಸರು, ಊರು, ಗಾಡಿ ನಂಬರ್, ಸಂಬಂಧ.
'ಹೆಂಡತಿ' ಅಂತ ಬರಿಯುವಾಗ ಪೆನ್ನು ಒಂದ್ಸಲ ನಿಂತಿತು;
ಲಗ್ನಾಗಿ ಹನ್ನೊಂದು ದಿನ.
"ಚೋರ್ಲಾ ಘಾಟಿನ್ಯಾಗ ಡ್ರೈವರ್ ಒಬ್ಬನ್ನ ಕೊಂದಾರ," ಅಂದ ಗಾರ್ಡ್,
ಎಲಿ ಒಂದು ದವಡಿಯಿಂದ ಇನ್ನೊಂದಕ್ಕ ದಾಟಿಸಿ.
"ಗಂಡ ಹೆಂಡತಿ ಅಂತ. ಪ್ರವಾಸಕ್ಕ ಬಂದಂಗ. ನಿಮ್ಮಂಗ."
ನಾವು ನಕ್ವಿ. ಅವನೂ ನಕ್ಕ.
ಆಮ್ಯಾಲ ನಮ್ಮ ಗಾಡಿ ನಂಬರ್ ಇನ್ನೊಮ್ಮೆ ಓದಿದ.

ಭೀಮಗಡದ ಅಂಚಿನ್ಯಾಗ ಎರಡು ಖೋಲಿ, ನಡುವ ಹಲಗಿ ಗ್ವಾಡಿ.
ಫೋನಿಗೆ ರೇಂಜಿಲ್ಲ.
ಆಚೆ ಖೋಲ್ಯಾಗ ಅವರು ಮೊದಲ ಬಂದು ಇಳದಿದ್ರು.
ಯಾವೂರು ಅಂದ್ರ, ನಿಪ್ಪಾಣಿ ಅಂದ ಅವ.
ಗಡಹಿಂಗ್ಲಜ ಅಂದ್ಳು ಅಕಿ, ಅದ ಹೊತ್ತಿಗೆ.
ಅವನ ಹೆಬ್ಬೆರಳಿಗೆ ಬಟ್ಟಿ. "ಹಲಸಿನಹಣ್ಣು ಹೆಚ್ಚುವಾಗ," ಅಂದ.
ನಾನು ಕೇಳಿರಲಿಲ್ಲ.
ಅಕಿ ಹಳ್ಳದ ಬಂಡಿ ಮ್ಯಾಲ ಬಿಳಿ ಅಂಗಿ ತಿಕ್ಕತಿದ್ಳು;
ನೀರು ಕೆಂಪಾಗಿ ಹರದು ನನ್ನ ಹಿಮ್ಮಡಕ್ಕ ಬಂತು.
"ಮುರುಗಲ ಹಣ್ಣಿನ ಕಲಿ. ಹೋಗಂಗನ ಇಲ್ಲ."

ಹೊತ್ತು ಮುಣಗಿತು. ಬಾವಲಿ ಒಂದೊಂದಲ್ಲ,
ಗುಡ್ಡದ ಬಾಯಿಂದ ಯಾರೋ ಕರಿ ಸೆರಗು ಎಳದಂಗ ಬಂದ್ವು.
ವಾಚ್‌ಮನ್ ರೊಟ್ಟಿ, ಝುಣಕ ಮುಚ್ಚಿಟ್ಟು ಊರಿಗೆ ಹೋಗಿದ್ದ.
ಅವರು ಕರದ್ರು. ನನ್ನ ಗಂಡ ಕೈಮುಗದ:
"ದೀಪ ಹಚ್ಚಿದ ಮ್ಯಾಲ ನಾವು ಉಣ್ಣಂಗಿಲ್ಲರಿ."
ಬಸದಿ ಮನಿತನದ ಮಾತು, ಸಣ್ಣಾಕಿ ಇದ್ದಾಗಿಂದ ನಾನೂ ಆಡಿದ್ದು.
ಅಡವಿಯಾಗ ಅದು ಬ್ಯಾರೆನ ಕೇಳಿಸ್ತು.
ಅವರು ಒಬ್ಬರ ಮಾರಿ ಒಬ್ಬರು ನೋಡಿ
ಎತ್ತಿದ ತುತ್ತು ಮೆಲ್ಲಕ ಕೆಳಗಿಟ್ರು.

ಇರಿವಿ ಸಾಲು ಕಂಡ್ರ ಸರದು ನಡಿಯೂ ಜಿನದತ್ತ
ಆ ರಾತ್ರಿ ಕಟ್ಟಿಗಿ ಗೂಡಿನ್ಯಾಗಿಂದ ಕುಡಗೋಲು ತಂದು
ತಲಿದಿಂಬಿನ ಬುಡಕ ಇಟ್ಟ.
ನಾನು ಸಂಜೀಕ ಹಳ್ಳದಾಗ ಆರಿಸಿದ ಗುಂಡಕಲ್ಲು
ವೇಲಿನ ತುದಿಗೆ ಗಂಟು ಹಾಕಿದೆ.
ಹಲಗಿ ಆಚೆ ಮಂಚ ಎಳದ ಸಪ್ಪಳ. ಬಾಗಲಕ್ಕ ಆನಿಸ್ಲಿಕತ್ತಾರ.
"ಯಾಕ?" ಅಂದ, ಉಸಿರಿನ್ಯಾಗ.
ನಾವೂ ಎಳದ್ವಿ.

ಕಿಟಕಿ ಆಚೆ ಗಿಡದ ತುಂಬ ಮಿಂಚುಹುಳ,
ಒಮ್ಮೆಲೆ ಹತ್ತತಿದ್ವು, ಒಮ್ಮೆಲೆ ಆರತಿದ್ವು.
ಹತ್ತಿದಾಗ ಅವನ ಮಾರಿ. ಆರಿದಾಗ
ಹನ್ನೊಂದು ದಿನದ ಗುರುತು, ಅಷ್ಟ.
ಚಾಕ್ಕ ಎಷ್ಟು ಸಕ್ರಿ, ಗೊತ್ತು. ಎಡಗೈಲೆ ಬರೀತಾನ, ಗೊತ್ತು.
ದಾರಿ ಯಾರನ್ನೂ ಕೇಳದ ಇಲ್ಲೀತನಕ ಗಾಡಿ ಹೆಂಗ ತಂದ?
ಕತ್ತಲಾಗ ಕುಡಗೋಲು ಹೆಂಗ ಕೈಗೆ ಸಿಕ್ತು?
ಹಲಗಿ ಕಡೆ ಮಾರಿ ಮಾಡಿ ಮಲಗಿದ್ದೆ.
ಯಾವಾಗೋ ಏನೋ
ಅವನ ಕಡೆ ತಿರಗಿದ್ದೆ, ಗಂಟು ಮುಷ್ಟಿಯಾಗ ಹಿಡಕೊಂಡು.

ನಸಿಕ್ಲೆ ಆ ಖೋಲಿ ಬಾಗಲ ತೆರದಿತ್ತು. ಒಳಗ ಯಾರಿಲ್ಲ.
ಒಂದು ಚಪ್ಪಲಿ, ಹೆಣ್ಮಗಳದು, ಓಡುವಾಗ ಅಂಗುಷ್ಟ ಹರದದ್ದು.
ತಂತಿ ಮ್ಯಾಲ ಅಂಗಿ ಹಂಗ ಉಳದಿತ್ತು.
ಮೂಸಿ ನೋಡಿದೆ. ಹುಳಿ ವಾಸನಿ.

ಖಾನಾಪುರ ಠಾಣೆದಾಗ ನಮ್ಮನ್ನ ಇಳಿಸಿದ್ರು.
ಹವಾಲ್ದಾರ ದೂರು ಓದಿದ:
ಗಂಡಸು ಊಟ ಮುಟ್ಟಲಿಲ್ಲ, ನಮಗಷ್ಟ ಉಣ್ಣಲಿಕ್ಕ ಬಿಟ್ಟ.
ಹೆಂಗಸು ಹಳ್ಳದಾಗ ಕಲ್ಲು ಕೈಯಾಗ ತೂಗಿ ತೂಗಿ ಆರಿಸತಿದ್ಳು.
ಸುಳ್ಳು ಒಂದೂ ಇರಲಿಲ್ಲ.
ಆಮ್ಯಾಲ ಅವನ ಹೇಳಿದ: ಕೊಂದವರು ನಿನ್ನೆ ಮಧ್ಯಾಹ್ನನ ಸಿಕ್ಕಾರ,
ಸಾವಂತವಾಡಿ ಸ್ಟ್ಯಾಂಡಿನ್ಯಾಗ, ಅಣ್ಣ ತಮ್ಮ ಇಬ್ರು.
ನಾವು ಮಂಚ ಎಳಿಯೂ ಹೊತ್ತಿಗೆ
ಅವರು ಲಾಕಪ್ಪಿನ್ಯಾಗ ಉಂಡು ಮಲಗಿದ್ರು.

ಹುಕ್ಕೇರಿ ದಾಟೂತನಕ ಮಾತಿಲ್ಲ.
ಚಾದಂಗಡಿ ಬೆಂಚಿಗೆ ವೇಲಿನ ತುದಿ ಬಡದು
ಟಕ್ ಅಂತು.
"ಏನದು?"
"ಕಲ್ಲು."
"ಅವರಿಗೇನು?"
ಬಶಿ ಎತ್ತಿ ಚಾ ಊದಿದೆ.
ಬಿಸಿ ಇರಲಿಲ್ಲ.