ಗದ್ದಲದ ಕಡತ

ರೋಗಿ ಮೂವತ್ತೊಂದು. ಗಂಡಸು. ನಲವತ್ತೇಳು. ಬಿದ್ದದ್ದು.
ನನಗೆ ಕೊಟ್ಟದ್ದು ಇಷ್ಟೇ.
ಹೆಸರು ತೆಗೆದು, ಬೀದಿ ತೆಗೆದು
ಆಸ್ಪತ್ರೆಯಿಂದ ಕಳಿಸಿದ್ದು ಒಂದು ಗೆರೆ,
ಆರು ದಿನ ಉದ್ದ.

ವ್ರೊತ್ಸ್ವಾಫಿನಲ್ಲಿ ಜನವರಿ. ಕಿಟಕಿಯಾಚೆ
ಓದ್ರಾ ನದಿ ಅರ್ಧ ಹೆಪ್ಪುಗಟ್ಟಿ
ಒಂದು ದೋಣಿಯನ್ನು ಬಿಡಲಾರದೆ ಹಿಡಿಯಲಾರದೆ ನಿಂತಿದೆ.
ನಾನು ಗೆರೆ ಓದುತ್ತೇನೆ.

ನಾಡಿಯ ಒಂದೊಂದು ಬಡಿತಕ್ಕೂ ಮೂರು ದಿಬ್ಬ.
ಮೊದಲನೆಯದು ಎತ್ತರ, ಆಮೇಲಿನವೆರಡು
ಅಣ್ಣನ ಹಿಂದೆ ನಡೆವ ತಮ್ಮಂದಿರ ಹಾಗೆ ತಗ್ಗಿ.
ನಡುವಿನವನು ಅಣ್ಣನನ್ನು ಮೀರಿ ಬೆಳೆದನೋ,
ಒಳಗೆ ಜಾಗ ಮುಗಿಯುತ್ತಿದೆ ಎಂದು ತಿಳಿ.
ಬುರುಡೆ ಹಿಗ್ಗುವ ಚೀಲವಲ್ಲ.
ಹದಿನಾಲ್ಕು, ಹದಿನೇಳು, ಇಪ್ಪತ್ತಮೂರು:
ಪಾದರಸದ ಲೆಕ್ಕ,
ಪಾದರಸದ ಹನಿಯೂ ಇಲ್ಲದ ಯಂತ್ರದಲ್ಲಿ.

ಹಣೆಬರಹ ಅಂತ ಯಾರಾದರೂ ಅಂದರೆ ನಗುತ್ತಿದ್ದೆ.
ಈಗ ಹಣೆಯ ಮೂಳೆಗೆ ತೂತು ಕೊರೆದು, ತಂತಿ ಇಳಿಸಿ
ಸೆಕೆಂಡಿಗೆ ನೂರು ಸಲ ಬರೆಸಿಕೊಳ್ಳುತ್ತೇವೆ.
ಓದಲು ಬಂದಿಲ್ಲ.
ಇನ್ನೂ ಕಾಗುಣಿತದಲ್ಲೇ ಇದ್ದೇವೆ.

ನನ್ನ ಕೆಲಸ ಗದ್ದಲ ತೆಗೆಯುವುದು.
ಕೆಮ್ಮಿದ್ದು: ತೆಗೆ.
ಗಂಟಲ ಕಫ ಹೀರಿದ್ದು: ತೆಗೆ.
ರಾತ್ರಿ ಎರಡು ನಲವತ್ತಕ್ಕೆ ನೆಟ್ಟಗೆ ಎದ್ದ ಮುಳ್ಳು,
ಪಟ್ಟಿಯಲ್ಲಿ ನರ್ಸ್ ಬ್ರೊನಿಸ್ವಾವಾಳ ಅಕ್ಷರ:
‘ಮಗ್ಗುಲು ಬದಲಿಸಿದೆ.’ ತೆಗೆ.
‘ಬೆನ್ನು ಒರೆಸಿದೆ.’ ತೆಗೆ.
‘ಗಡ್ಡ ಬೋಳಿಸಿದೆ. ನಾಳೆ ತಾಯಿ ಬರುತ್ತಾಳಂತೆ.’

ಬೆರಳು ಅಲ್ಲೇ ನಿಂತಿತು.
ಮುಟ್ಟಿದ್ದೆಲ್ಲ ಗದ್ದಲ.
ಯಾರೂ ಹತ್ತಿರ ಸುಳಿಯದ ಹೊತ್ತಷ್ಟೇ
ನಮಗೆ ಬೇಕಾದ ಶುದ್ಧ.

ತೆಗೆದೆ. ಬೆಳಿಗ್ಗೆ ಜೆಮೊವಿತ್‌ಗೆ ಕಳಿಸಿದೆ:
ನೂರ ಹನ್ನೊಂದು ಗಂಟೆ, ಸ್ವಚ್ಛ.
‘ಚೆನ್ನಾಗಿದೆ’ ಅಂದ, ಬಾಯಿ ತುಂಬ ಬ್ರೆಡ್ಡು.
ಉಳಿದ ಮೂವತ್ತಮೂರು ಗಂಟೆಯನ್ನು ಮಾತ್ರ
ಎಸೆಯಲಿಲ್ಲ. ಬೇರೊಂದು ಕಡತದಲ್ಲಿಟ್ಟೆ.
ಹೆಸರೇನು ಎಂದು ಯಂತ್ರ ಕೇಳಿತು.
ಖಾಲಿ ಬಿಟ್ಟೆ; ಅದು ತಾನೇ ಒಂದು ಸಂಖ್ಯೆ ಕೊಟ್ಟುಕೊಂಡಿತು.

ಏಳನೇ ದಿನ ಇಲ್ಲ.
ತಂತಿ ಕಳಚುವಷ್ಟು ಗುಣವಾಯಿತೋ,
ತಂತಿಯ ಅಗತ್ಯವೇ ಮುಗಿಯಿತೋ,
ಎರಡಕ್ಕೂ ಗೆರೆ ನಿಲ್ಲುವುದು ಒಂದೇ ಥರ.
ಕೊನೆಯ ಟಿಪ್ಪಣಿ ಅವಳದೇ,
ಬೆಳಗಿನ ಆರು ಐದಕ್ಕೆ: ‘ಪರದೆ ಸರಿಸಿದೆ.’

ಆ ಕಡೆಗೋ, ಈ ಕಡೆಗೋ
ಬರೆದಿಲ್ಲ.