ಟೆಸ್ಟಿಂಗ್

ವಿನೋಬನಗರ, ಹಳೇ ಜಂಬಿಟ್ಟಿಗೆ ಗೋಡೆ.
ಪ್ಲಗ್ಗು ಕೂರುವುದಿಲ್ಲ,
ಎರಡು ಬೆಂಕಿಕಡ್ಡಿ ಮುರಿದು ಸೇರಿಸಿ ಬಿಗಿದೆ.
ಕೆಂಪು ಧೂಳು ಹುಬ್ಬಿನ ಮೇಲೆ ಕೂತಿತು.
ನಾಲ್ಕು ಕ್ಯಾಮೆರಾ, ತೊಂಬತ್ತು ಮೀಟರ್ ವೈರು,
ಗೇಟಿನದು ಕೊನೆಗೆ.

ಏಣಿಯ ಮೇಲಿಂದ ಹೇಳಿದೆ:
ಯಾರಾದ್ರೂ ಕಳ್ಳನ ಹಾಗೆ ಒಳಗೆ ಬನ್ನಿ,
ಆ್ಯಂಗಲ್ ನೋಡ್ಬೇಕು.

ಮೇಡಂ ನಕ್ಕರು.
ಸಾಹೇಬರು ಮೊಬೈಲಿನಿಂದ ತಲೆ ಎತ್ತಲಿಲ್ಲ.
‘ಹಾಲಮ್ಮಾ, ನೀನೇ ಬಾರೆ.’

ಪಾತ್ರೆ ತೊಳೆದ ಕೈ ಸೆರಗಿಗೆ ಒರೆಸಿಕೊಂಡು
ಗೇಟಿನಾಚೆ ಹೋಗಿ ನಿಂತಳು.
ಕಳ್ಳ ಹೇಗೆ ಬರ್ತಾನೆ, ಅವಳಿಗೇನು ಗೊತ್ತು?
ಹನ್ನೊಂದು ವರ್ಷ ಬಂದ ಹಾಗೇ ಬಂದಳು.
ಚಿಲಕ ಸದ್ದಾಗದಂತೆ ಎತ್ತಿ,
ಚಪ್ಪಲಿ ಹೊರಗೇ ಬಿಟ್ಟು,
ಗೋಡೆಯ ಬದಿ ಹಿಡಿದು
ತಲೆ ತಗ್ಗಿಸಿ.

ಪರದೆಯಲ್ಲಿ ನೋಡಿದೆ.
ಥೇಟ್ ಕಳ್ಳನೇ.

‘ಮುಖ ಬರ್ಲಿಲ್ಲವಲ್ಲ’ ಅಂದರು ಸಾಹೇಬರು.
ಸ್ಕ್ರೂ ಸಡಿಲಿಸಿ ಎರಡು ಬೆರಳು ಬಗ್ಗಿಸಿದೆ.
ಇನ್ನೊಂದ್ಸಲ, ತಲೆ ಎತ್ತಿ ಅಂದೆ.
ಎತ್ತಿದಳು.
ಕ್ಯಾಮೆರಾ ನೋಡಲಿಲ್ಲ, ನನ್ನನ್ನು ನೋಡಿದಳು.

ಪಾಸ್‌ವರ್ಡಿಗೆ ಸತ್ತುಹೋದ ನಾಯಿಯ ಹೆಸರು ಕೊಟ್ಟರು.
ಜೇಡ ಬಲೆ ಕಟ್ಟಿದ್ರೆ ರಾತ್ರಿಯೆಲ್ಲ ಬೆಳ್ಳಗೆ,
ವಾರಕ್ಕೊಮ್ಮೆ ಗಾಜು ಒರೆಸಬೇಕು ಅಂದೆ.
ಮೇಡಂ ಹಾಲಮ್ಮನ ಕಡೆ ನೋಡಿದರು.

ಬಿಲ್ಲು ಬರೆದೆ. ಚಹಾ ಬಂತು,
ಅವಳೇ ತಂದಳು, ನನಗೂ ಅವಳಿಗೂ ಸ್ಟೀಲ್ ಲೋಟದಲ್ಲಿ.

ಹೊರಡುವಾಗ ಸಾಹೇಬರಿಗೆ ಹೇಳಿದೆ,
ಹದಿನೈದು ದಿನ ಕಳೆದರೆ
ಹಳೆಯದೆಲ್ಲ ತಾನೇ ಅಳಿಸಿಹೋಗುತ್ತೆ ಸಾರ್.
ಅಡುಗೆಮನೆಗೆ ಕೇಳುವಷ್ಟು
ಜೋರಾಗಿ ಹೇಳಿದೆ.